ವಿಧವೆಯ ಪಾತ್ರಕ್ಕೆ ಒಬ್ಬ ಗಂಡಸು

ತೊಂಬತ್ತನೆಯ ಇಸವಿಯ ಬೇಸಿಗೆ ಸುರುವಾಗುವ ಮೊದಲೇ ನನ್ನನ್ನು ವಿಧವೆ ಮಾಡಲಾಯಿತು. ಮಾಡಿದವರು ಮಾಸ್ತ್ರು. ಕುವೈತಿನಲ್ಲಿ ರಜೆಯ ದಿನ ನಾಟಕಕ್ಕೆಂದು ಸೇರುತ್ತಿದ್ದ ನಮ್ಮ ಶುಕ್ರವಾರದ ಬಳಗದಲ್ಲಿ ಆ ಪಾತ್ರಕ್ಕೆ ಒಬ್ಬ ಹೆಂಗಸೂ ಒಪ್ಪಿರಲಿಲ್ಲ. ರಂಗದ ಮೇಲೆ ಕೂಡ ಕುಂಕುಮ ಅಳಿಸಿಕೊಳ್ಳುವುದಿಲ್ಲ ಎಂದರು ಮದುವೆಯಾದವರು. ಮದುವೆಯಾಗದ ಹುಡುಗಿಯರ ಅಮ್ಮಂದಿರು ನೋಡಿದ ನೋಟಕ್ಕೆ ಮಾಸ್ತ್ರು ಅರ್ಧದಲ್ಲೇ ಮಾತು ಬದಲಾಯಿಸಿ ಊರಿನ ಮಳೆಯ ಸುದ್ದಿ ಕೇಳಿದರಂತೆ. ಉಳಿದವನು ನಾನು. ನನಗಾಗ ಇಪ್ಪತ್ತೊಂಬತ್ತು. ಸಪೂರ ಮೈ, ಬಂದೂ ಬಾರದಂತಿದ್ದ ಮೀಸೆ. ಸಾಲದ್ದಕ್ಕೆ, ಊರಿನಲ್ಲಿದ್ದಾಗ ಒಮ್ಮೆ ಯಕ್ಷಗಾನದ ಆಟದಲ್ಲಿ ಸ್ತ್ರೀವೇಷ ಹಾಕಿದ್ದೆ ಎಂದು ನಾನೇ ಬಾಯಿತಪ್ಪಿ ಹೇಳಿಕೊಂಡಿದ್ದೆ.

"ಮೀಸೆ ತೆಗೆದರಾಯ್ತು ಮಾರಾಯ, ಪುನಃ ಬರ್ತದೆ," ಎಂದರು ಮಾಸ್ತ್ರು.

"ಬಾರದಿದ್ದರೆ?"

"ಬಾರದಿದ್ದರೆ ಈಗ ಇರುವುದೂ ಎಂತ ಮಹಾ ಅಲ್ಲ."

ಮಾಸ್ತ್ರು ಅಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದರು. ಹೆಂಡತಿ ಮಕ್ಕಳು ಮಂಗಳೂರಿನಲ್ಲಿ. ಇವರು ಅಬ್ಬಾಸಿಯಾದ ನಮ್ಮ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಒಬ್ಬರೇ. ಅವರ ಫ್ಲ್ಯಾಟಿನ ದೊಡ್ಡ ಹಾಲ್ ನಮ್ಮ ರಿಹರ್ಸಲಿನ ಜಾಗ. ಮೇಲಿನ ಮಾಳಿಗೆಯ ಒಂದು ಕೋಣೆಯಲ್ಲಿ ನಾವು ನಾಲ್ವರು ಬ್ಯಾಚುಲರ್‌ಗಳು ಮಂಚಕ್ಕೆ ಮಂಚ ತಾಗಿಸಿಕೊಂಡು ಇದ್ದೆವು. ನಾನು ಶುವೈಖಿನಲ್ಲಿ ಏರ್‌ಕಂಡೀಶನರ್ ಬಿಡಿಭಾಗಗಳನ್ನು ಮಾರುವ ಕಂಪೆನಿಯೊಂದರಲ್ಲಿ ಸ್ಟೋರ್ ಕ್ಲಾರ್ಕ್. ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿ, ಒಳ್ಳೆಯವನು, ಕೆಲಸ ಬೇಜಾರಿನದು. ಆದ್ದರಿಂದ ಶುಕ್ರವಾರ ಬಂತೆಂದರೆ ವಿಧವೆಯಾಗುವುದಕ್ಕೂ ನನಗೆ ಉತ್ಸಾಹವಿತ್ತು.

ನಾಟಕ ಮಾಸ್ತ್ರೇ ಬರೆದದ್ದು. ನೂರು ವರ್ಷಗಳ ಹಿಂದಿನ ಮಂಗಳೂರಿನ ಕತೆ. ಬೊಂಬಾಯಿ, ಕಲ್ಕತ್ತೆಗಳಿಂದ ಹೊಸ ವಿಚಾರಗಳು ಹಡಗು ಹತ್ತಿ ಬರುತ್ತಿದ್ದ ಕಾಲ. ಇಂಗ್ಲಿಷ್ ಓದಿದ ಹುಡುಗರು ಜುಟ್ಟು ಕತ್ತರಿಸಿಕೊಂಡು ಅಪ್ಪಂದಿರ ಹತ್ತಿರ ಬೈಸಿಕೊಳ್ಳುತ್ತಿದ್ದರು, ಹೆಣ್ಣುಮಕ್ಕಳಿಗೆ ಶಾಲೆ ತೆರೆಯಬೇಕೆಂದು ಸಭೆ ಸೇರಿಸುತ್ತಿದ್ದರು, ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕೆಂದು ಹಟ ಹಿಡಿಯುತ್ತಿದ್ದರು. ವಿಧವೆಯ ಮರುಮದುವೆಗೆ ಕಾನೂನು ಬಂದು ಆಗಲೇ ಹಲವು ದಶಕಗಳಾಗಿದ್ದವು, ವರ ಮಾತ್ರ ಬಂದಿರಲಿಲ್ಲ. ನಾಟಕದಲ್ಲಿ ಅವನು ಬರುತ್ತಾನೆ. ಒಬ್ಬ ಎಳೆಯ ವಕೀಲ ಬಾಲವಿಧವೆಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಜಾತಿಯವರು ಅವನಿಗೆ ಬಹಿಷ್ಕಾರ ಹಾಕುತ್ತಾರೆ. ಕ್ಷೌರದವನು ಬರುವುದಿಲ್ಲ, ಮಡಿವಾಳ ಬಟ್ಟೆ ಮುಟ್ಟುವುದಿಲ್ಲ, ಬಾವಿಯ ಹಗ್ಗವನ್ನು ಯಾರೋ ಬಿಚ್ಚಿಕೊಂಡು ಹೋಗುತ್ತಾರೆ. ಆದರೂ ಮದುವೆ ನಡೆಯುತ್ತದೆ, ಕೊನೆಯ ದೃಶ್ಯದಲ್ಲಿ ಎಲ್ಲ ಜಾತಿಯವರ ಸಹಭೋಜನ.

"ಆ ಊಟಕ್ಕೆ ನನ್ನ ಅಜ್ಜ ಹೋಗಿದ್ದರು, ಗೊತ್ತುಂಟಾ?" ಎಂದು ಮಾಸ್ತ್ರು ಪ್ರತಿ ರಿಹರ್ಸಲಿನಲ್ಲೂ ಹೇಳುತ್ತಿದ್ದರು. ಹೇಳುವಾಗ ಅವರ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ಬಹಿಷ್ಕಾರ ಹಾಕುವ ಪುರೋಹಿತನ ಪಾತ್ರ ನಮ್ಮ ಭಟ್ರಿಗೆ. ಅವರು ನನ್ನ ಕೋಣೆಯವರೇ. ಪೇಟೆಯ ಸಸ್ಯಾಹಾರಿ ಹೊಟೇಲೊಂದರಲ್ಲಿ ಅಡುಗೆ ಅವರ ಕೆಲಸ. ಗಣಹೋಮ, ಸತ್ಯನಾರಾಯಣ ಪೂಜೆ ಎಂದು ಬಿಡುವಿನಲ್ಲಿ ಮನೆಮನೆಗೂ ಹೋಗುತ್ತಿದ್ದರು. ನಮ್ಮ ಕೋಣೆಯ ಮೂಲೆಯಲ್ಲಿ ಅವರದೇ ಒಂದು ಸ್ಟೋವ್, ಅವರದೇ ಎರಡು ಪಾತ್ರೆ. ನಾವು ಮೀನು ಹುರಿಯುವ ದಿನ ಮೂಗಿಗೆ ಹೆಗಲ ಮೇಲಿನ ಬೈರಾಸು ಸುತ್ತಿಕೊಂಡು ಬಾಲ್ಕನಿಯಲ್ಲಿ ಕೂರುತ್ತಿದ್ದರು. ನಮಗೆ ಬೈದದ್ದಿಲ್ಲ, ನಮ್ಮ ಪಾತ್ರೆಯಿಂದ ನೀರು ಕುಡಿದದ್ದೂ ಇಲ್ಲ. ಪುರೋಹಿತನ ಪಾತ್ರವನ್ನು ಅವರು ಅಭಿನಯಿಸುತ್ತಲೇ ಇರಲಿಲ್ಲ. ಬರೆದುಕೊಟ್ಟ ಮಾತು ಮುಗಿದ ಮೇಲೂ ತಮ್ಮದೇ ಶ್ಲೋಕಗಳನ್ನು ಸೇರಿಸಿ ವಾದ ಮುಂದುವರಿಸುತ್ತಿದ್ದರು. ವಕೀಲನ ಪಾತ್ರದ ಹುಡುಗ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ.

"ಭಟ್ರೇ, ಈ ಸೀನಿನಲ್ಲಿ ನೀವು ಸೋಲಬೇಕು," ಎಂದು ಮಾಸ್ತ್ರು ತಲೆಗೆ ಕೈ ಕೊಟ್ಟರೆ ಭಟ್ರು ಹೇಳುತ್ತಿದ್ದರು: "ಸೋಲ್ತೇನೆ ಮಾಸ್ತ್ರೇ. ಅವ ಸರಿಯಾದ ಉತ್ತರ ಕೊಡ್ಲಿ, ಸೋಲ್ತೇನೆ. ಸುಮ್ಮನೆ ಹೇಗೆ ಸೋಲುದು?"

ವೇಷಭೂಷಣ ನರ್ಸಕ್ಕನದು. ಎದುರಿನ ಕಟ್ಟಡದಲ್ಲಿದ್ದ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸು, ದೊಡ್ಡ ದೇಹ, ಅದಕ್ಕಿಂತ ದೊಡ್ಡ ದನಿ. ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದರು. ಅವರ ಗಂಡ ಬೆಳ್ಳಗಿದ್ದಾರೆಂಬ ಒಂದೇ ಕಾರಣಕ್ಕೆ ಅವರು ನಾಟಕದ ಕಲೆಕ್ಟರ್ ದೊರೆ. ನಾಟಕದ ಕತೆ ಕೇಳಿದ ದಿನ ನರ್ಸಕ್ಕ ಬಟ್ಟೆ ಹೊಲಿಯುತ್ತಲೇ, "ಮಾಸ್ತ್ರೇ, ನಮ್ಮಲ್ಲಿ ಕೂಡ ಮದುವೆ ಮಾತು ಬಂದರೆ ಮೊದಲು ಕೇಳುದು, ಇಗರ್ಜಿಗೆ ಸೇರುವ ಮೊದಲು ನಿಮ್ಮ ಹಿರಿಯರು ಯಾವ ಜಾತಿ ಅಂತ. ನಮಗೂ ಒಂದು ನಾಟಕ ಬರೀರಿ," ಎಂದರು. ಮಾಸ್ತ್ರು ಬರೆಯುವ ಎಂದರು, ಬರೆಯಲಿಲ್ಲ.

ವಿಧವೆಗೆ ಅಂಚಿಲ್ಲದ ಬಿಳಿ ಸೀರೆ ಬೇಕಾಗಿತ್ತು. ಅದು ಯಾರ ಮನೆಯಲ್ಲೂ ಇರಲಿಲ್ಲ. ಒಂದು ಶುಕ್ರವಾರ ನರ್ಸಕ್ಕ ತನ್ನ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಹುಡುಗಿಯನ್ನು ಕರೆದುಕೊಂಡು ಬಂದರು. ಅವಳ ಕೈಯಲ್ಲಿ ಮಡಚಿದ ಬಿಳಿ ಸೀರೆಯಿತ್ತು. ಅವಳು ಉಟ್ಟದ್ದು ಹಸಿರು ಹೂವಿನ ಸೀರೆ. ಕೊಂಕಣಿ ಮನೆಮಾತಿನ ಹಿಂದೂ ಕುಟುಂಬದವಳು, ರಿಗ್ಗೈಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದಳು. ಅಣ್ಣ ನಮ್ಮ ಬಳಗದ ಹಿರಿಯರಲ್ಲಿ ಒಬ್ಬರು, ನಾಟಕಕ್ಕೆ ಹಾಲ್ ಗೊತ್ತು ಮಾಡಿಕೊಟ್ಟವರು. ಹತ್ತೊಂಬತ್ತಕ್ಕೆ ಅವಳಿಗೆ ಮದುವೆಯಾಗಿತ್ತು. ವರ್ಷ ತುಂಬುವ ಮೊದಲು ಗಂಡ ಜ್ವರದಲ್ಲಿ ಹೋಗಿದ್ದ. ಆಮೇಲೆ ಅಣ್ಣ ಅವಳಿಗೆ ಟೈಪಿಂಗ್ ಕಲಿಸಿ ಇಲ್ಲಿಗೆ ಕರೆಸಿಕೊಂಡಿದ್ದರು. ಇದೆಲ್ಲ ನರ್ಸಕ್ಕ ನನಗೆ ಆಮೇಲೆ ಹೇಳಿದ್ದು. ಆ ದಿನ ನನಗೆ ಗೊತ್ತಿದ್ದದ್ದು ಇಷ್ಟೇ: ನಾನು ಮೀಸೆ ಬೋಳಿಸಿಕೊಂಡು, ಮಾಸ್ತ್ರ ಬೆಡ್‌ಶೀಟನ್ನು ಸೀರೆಯ ಹಾಗೆ ಸುತ್ತಿಕೊಂಡು, ಕಂಬಕ್ಕೆ ಒರಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಬಾಗಿಲ ಬಳಿ ಯಾರೋ ನಕ್ಕರು.

ತಡೆದು ತಡೆದು ಸಾಕಾಗಿ ಹೊರಬಂದ ನಗು ಅದು. ಮಾಸ್ತ್ರು ರಿಹರ್ಸಲ್ ನಿಲ್ಲಿಸಿದರು.

"ಎಂತಾಯ್ತಮ್ಮ?"

"ಎಂತ ಇಲ್ಲ ಸರ್. ಅವರು ಯಾವಾಗಿನಿಂದ ಅಳ್ತಾ ಇದ್ದಾರೆ?"

"ಇಡೀ ಅಂಕ ಅಳ್ಲಿಕ್ಕೆ ಉಂಟು. ಅವಳ ಗಂಡ ಸತ್ತು ಆರು ವರ್ಷ ಆಗಿದೆ."

"ಆರು ವರ್ಷ ಕಂಬಕ್ಕೆ ಒರಗಿಕೊಂಡು ಅತ್ತರೆ ಮನೆಕೆಲಸ ಯಾರು ಮಾಡುದು ಸರ್?"

ಅವಳೇ ಮುಂದೆ ಬಂದು ಸೀರೆಯನ್ನು ನನ್ನ ಕೈಗೆ ಕೊಟ್ಟು ಹೇಳಿದಳು: "ನೀವು ಅಳುದು ಬೇಡ. ಬೆಳಿಗ್ಗೆ ಎದ್ದು ಎಲ್ಲರ ಪಾತ್ರೆ ತೊಳೆಯಿರಿ. ಎಲ್ಲರ ಊಟ ಆದ ಮೇಲೆ ಎಂತ ಉಳಿದಿದೆ ಅಂತ ಮುಚ್ಚಳ ತೆಗೆದು ನೋಡಿ. ಮನೆಗೆ ನೆಂಟರು ಬಂದರೆ ಒಳಗೆ ಹೋಗಿ. ನಿಮಗೆ ಸಿಟ್ಟು ಬರ್ತದೆ. ಮುಖ ಹಾಗೆ ಇಡಿ."

ನಾನು ಹಾಗೆಯೇ ಮಾಡಿದೆ. ಆ ದಿನ ಮೊದಲ ಸಲ ಭಟ್ರು ಸಂಭಾಷಣೆಗೆ ತಮ್ಮ ಶ್ಲೋಕ ಸೇರಿಸಲು ಮರೆತರು.

ಆಮೇಲಿನ ಶುಕ್ರವಾರಗಳಲ್ಲಿ ಅವಳು ತಪ್ಪದೆ ಬಂದಳು. ನನಗೆ ಸೆರಗು ಹೊದೆಯಲು, ಕೂರಲು, ತಲೆ ಬಗ್ಗಿಸದೆ ದೃಷ್ಟಿ ಮಾತ್ರ ಬಗ್ಗಿಸಲು ಕಲಿಸಿದ್ದು ಅವಳೇ. ಮಾಸ್ತ್ರಿಗೂ ಅವಳಿಗೂ ದೊಡ್ಡ ಜಗಳ ಆದದ್ದು ಮದುವೆಯ ದೃಶ್ಯದಲ್ಲಿ. ಆ ದೃಶ್ಯದಲ್ಲಿ ವಕೀಲ ಭಾಷಣ ಮಾಡುತ್ತಾನೆ, ಹುಡುಗಿಯ ಅಪ್ಪ ಕಣ್ಣೀರು ಒರೆಸಿಕೊಂಡು ಒಪ್ಪುತ್ತಾನೆ, ಪುರೋಹಿತ ಶಪಿಸುತ್ತಾನೆ, ಕಲೆಕ್ಟರ್ ದೊರೆ ಬಂದು ಕಾನೂನು ಓದುತ್ತಾನೆ. ವಿಧವೆಯಾದ ನಾನು ತಲೆ ತಗ್ಗಿಸಿ ಹಾರ ಹಿಡಿದು ನಿಂತಿರಬೇಕು.

"ಅವಳನ್ನು ಯಾರೂ ಕೇಳ್ಲೇ ಇಲ್ವಲ್ಲ ಸರ್?"

"ಎಂತ ಕೇಳುದು?"

"ಈ ವಕೀಲ ಆಗಬಹುದಾ ಅಂತ."

ಮಾಸ್ತ್ರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ಅದು ಆ ಕಾಲ. ಯಾರು ಕೇಳ್ತಿದ್ದರು? ಚರಿತ್ರೆಯಲ್ಲಿ ಎಲ್ಲಿಯೂ ಹಾಗೆ ಕೇಳಿದ್ದು ಇಲ್ಲ."

"ಚರಿತ್ರೆಯವರು ಕೇಳ್ಲಿಲ್ಲ, ಸರಿ. ನಾಟಕ ನೀವೇ ಬರೆದದ್ದಲ್ವಾ? ನೀವು ಕೇಳಬಹುದಲ್ಲ."

ಕಲೆಕ್ಟರ್ ದೊರೆ ಟೋಪಿ ತೆಗೆದು ಚಪ್ಪಾಳೆ ತಟ್ಟಿದರು. ಮಾಸ್ತ್ರು ಗೊಣಗುತ್ತಾ ಒಂದು ಪ್ರಶ್ನೆ, ಒಂದು ಉತ್ತರ ಸೇರಿಸಿದರು. ಆ ಕಾಲದ ಸುಧಾರಕರ ಬಗ್ಗೆ ಶಾಲೆಯಲ್ಲಿ ನಾನೂ ಓದಿದ್ದೆ. ಹೆಣ್ಣುಮಕ್ಕಳಿಗಾಗಿ ಗಂಡಸರು ಗಂಡಸರ ಜೊತೆ ಹೋರಾಡಿದ ಕತೆಯಾಗಿಯೇ ಅದು ನನ್ನ ತಲೆಯಲ್ಲಿ ಕೂತಿತ್ತು. ಅದರಲ್ಲಿ ಒಬ್ಬಳು ಹುಡುಗಿ ನಿಂತಿದ್ದಾಳೆ, ಅವಳಿಗೂ ಒಂದು ಬಾಯಿ ಇರಬಹುದು ಎಂದು ನನಗೆ ಹೊಳೆದದ್ದು ಸೀರೆ ಉಟ್ಟು ಆ ಜಾಗದಲ್ಲಿ ನಿಂತ ಮೇಲೆ.

ರಿಹರ್ಸಲ್ ಮುಗಿದ ಮೇಲೆ ಅವಳನ್ನು ರಿಗ್ಗೈ ಬಸ್ಸಿನ ತನಕ ಬಿಡುವುದು ನನ್ನ ಕೆಲಸವಾಯಿತು. ಯಾರೂ ನನಗೆ ವಹಿಸಿದ ಕೆಲಸವಲ್ಲ. ಬಿಸಿಗಾಳಿಯಲ್ಲಿ ಬಸ್ಸು ಬೇಗ ಬಾರದಿರಲಿ ಎಂದು ಬೇಡಿಕೊಂಡ ಮನುಷ್ಯ ಇಡೀ ಕುವೈತಿನಲ್ಲಿ ನಾನೊಬ್ಬನೇ ಇದ್ದಿರಬೇಕು. ಮಾತು ಎಲ್ಲಾ ಪಾತ್ರದ ಬಗ್ಗೆಯೇ. ಒಂದು ದಿನ ಮಾತ್ರ ಅವಳು, "ಅಣ್ಣ ಒಳ್ಳೆಯವ. ನನ್ನ ಕಾಲ ಮೇಲೆ ನಿಲ್ಲಿಸಿದ. ಆದರೆ ಪುನಃ ಮದುವೆ ಅಂದರೆ ಮನೆಯಲ್ಲಿ ಅಮ್ಮ ಊಟ ಬಿಡ್ತಾರೆ ಅಂತ ಹೇಳ್ತಾನೆ. ನಮ್ಮಲ್ಲಿ ಅದು ಇಲ್ಲ," ಎಂದಳು.

"ನಮ್ಮಲ್ಲಿ ಉಂಟು," ಎಂದೆ. ನಿಜವೇ ಅದು. ನಮ್ಮ ತುಳು ಮನೆಗಳಲ್ಲಿ ಅದು ಹಿಂದಿನಿಂದಲೂ ಇದ್ದದ್ದು. ನನ್ನ ಅಜ್ಜಿಯ ಅಕ್ಕನಿಗೇ ಎರಡು ಮದುವೆ. ಯಾವ ಸುಧಾರಕನೂ ಬಂದು ಮಾಡಿಸಿದ್ದಲ್ಲ. ಅವಳು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಬಸ್ಸು ಬಂತು.

ಅವಳನ್ನು ಮದುವೆಯಾಗಬೇಕೆಂದು ಹೇಳಲು ನಾನು ಮಾಸ್ತ್ರ ಹತ್ತಿರ ಹೋದೆ. ಇಂಥ ಮಾತಿಗೆ ಅವರಿಗಿಂತ ಬೇರೆ ಯಾರು? ಕೇಳಿದ ಕೂಡಲೇ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು.

"ತಲೆ ಸರಿ ಉಂಟಾ ನಿನಗೆ? ಅವಳ ಅಣ್ಣ ಹಾಲ್ ಗೊತ್ತು ಮಾಡಿಕೊಟ್ಟವರು. ನಾಳೆ ಊರಿಗೆ ಸುದ್ದಿ ಹೋಗ್ತದೆ, ಮಾಸ್ತ್ರು ನಾಟಕದ ಹೆಸರಿನಲ್ಲಿ ಇದನ್ನೆಲ್ಲ ಮಾಡಿಸ್ತಾರೆ ಅಂತ. ಜಾತಿ ಬೇರೆ, ಭಾಷೆ ಬೇರೆ..."

"ನಾಟಕದಲ್ಲಿ ನೀವೇ ಬರೆದದ್ದಲ್ವಾ ಮಾಸ್ತ್ರೇ?"

"ನಾಟಕ ಬೇರೆ ಮಾರಾಯ!" ಎಂದರು. ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಯಿತು. ಚಹಾ ಮಾಡಿಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು, ನಾನು ಹಾಗೆಯೇ ಕುಡಿದು ಬಂದೆ.

ಜುಲೈ ಹೊತ್ತಿಗೆ ಅರ್ಧ ಕುವೈತ್ ರಜೆಯ ಮೇಲೆ ಊರಿಗೆ ಹೋಯಿತು. ಅವಳ ಅಣ್ಣನ ಕುಟುಂಬವೂ ಹೋಯಿತು, ರಜೆ ಸಿಗದೆ ಅವಳು ಉಳಿದಳು. ರಜೆ ಮುಗಿದ ಮೇಲೆ ಆಡಬೇಕಿದ್ದ ನಾಟಕಕ್ಕೆಂದೇ ಮಾಸ್ತ್ರು ಊರಿಗೆ ಹೋಗದೆ ಉಳಿದರು. ಆಗಸ್ಟಿನ ಆರಂಭದ ಒಂದು ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ಕೆಳಗಿಳಿದರೆ ಅಂಗಡಿಯ ಮಲಯಾಳಿ ಭಾಯಿ ಶಟರ್ ಅರ್ಧಕ್ಕೆ ಎಳೆದು ನಿಂತಿದ್ದ. "ಎಲ್ಲಿಗೆ? ಖಲಾಸ್! ಇರಾಕಿನ ಮಿಲಿಟರಿ ಬಂದಿದೆ," ಎಂದ. ತಮಾಷೆ ಎಂದುಕೊಂಡೆ. ಅಷ್ಟರಲ್ಲಿ ಮೇಲಿನಿಂದ ಹೆಲಿಕಾಪ್ಟರುಗಳು ಹೋದವು.

ನರ್ಸಕ್ಕ ಆ ದಿನವೇ ಗಂಡನ ವ್ಯಾನಿನಲ್ಲಿ ರಿಗ್ಗೈಗೆ ಹೋಗಿ ಒಂಟಿಯಾಗಿದ್ದ ಅವಳನ್ನು ತನ್ನ ಮನೆಗೆ ಕರೆತಂದರು. ದಾರಿಯಲ್ಲಿ ಸೈನಿಕರು ನಿಲ್ಲಿಸಿದಾಗ ನರ್ಸಕ್ಕ ಬಿಳಿ ಸಮವಸ್ತ್ರದಲ್ಲೇ ಇಳಿದು, ಗೊತ್ತಿದ್ದ ಇಪ್ಪತ್ತು ಅರಬ್ಬಿ ಮಾತುಗಳನ್ನೂ ಒಟ್ಟಿಗೆ ಪ್ರಯೋಗಿಸಿದರಂತೆ. "ಆ ಹುಡುಗ ಹೆದರಿ ಯಲ್ಲಾ ಯಲ್ಲಾ ಅಂತ ಕಳಿಸಿದ," ಎಂದು ಅವರು ನಗುತ್ತಿದ್ದರು. ಕಲೆಕ್ಟರ್ ದೊರೆಗೆ ಮಾತ್ರ ಒಂದು ವಾರ ನಗು ಬರಲಿಲ್ಲ.

ಭಯವಿತ್ತು, ಇರಲಿಲ್ಲ ಎನ್ನಲಾರೆ. ಆದರೆ ಮನುಷ್ಯ ಇಡೀ ದಿನ ಹೆದರಿಕೊಂಡೇ ಇರಲಾರ, ನಡುವೆ ಹಸಿವೂ ಆಗುತ್ತದೆ. ಊರಿಗೆ ಫೋನ್ ಸತ್ತಿತ್ತು, ಬೇಕರಿಯ ಮುಂದೆ ಖುಬ್ಬೂಸ್ ರೊಟ್ಟಿಗೆ ಉದ್ದ ಸಾಲು, ಗ್ಯಾಸ್ ಸಿಲಿಂಡರಿಗೆ ಇನ್ನೂ ಉದ್ದ. ಎರಡು ಕಟ್ಟಡಗಳ ನಾವು ಇದ್ದಬದ್ದ ಅಕ್ಕಿ ಬೇಳೆಯನ್ನೆಲ್ಲ ಮಾಸ್ತ್ರ ಹಾಲಿಗೆ ತಂದು ಸುರಿದೆವು. ಒಂದೇ ಒಲೆ, ಒಂದೇ ಅಡುಗೆ ಎಂದು ತೀರ್ಮಾನವಾಯಿತು. ಅಡುಗೆ ಮಾಡಬಲ್ಲವರು ಭಟ್ರು. ಅವರು ಮಾಡಿದ್ದನ್ನು ಎಲ್ಲರೂ ಉಣ್ಣಬಹುದು, ಅದರಲ್ಲಿ ತೊಂದರೆಯಿಲ್ಲ. ಆದರೆ ಮೂರನೆಯ ದಿನ ಭಟ್ರಿಗೇ ಜ್ವರ ಬಂತು. ಗಂಜಿ ಬೇಯಿಸಿದ್ದು ನರ್ಸಕ್ಕ.

ತಟ್ಟೆ ಹಿಡಿದು ನರ್ಸಕ್ಕ ಅವರ ಮಂಚದ ಬಳಿ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಭಟ್ರು ಗಂಜಿಯನ್ನು ನೋಡಿದರು, ನರ್ಸಕ್ಕನನ್ನು ನೋಡಿದರು.

"ಉಪ್ಪು ಹಾಕಿದ್ದೀರಾ?"

"ಹಾಕಿದ್ದೇನೆ. ಉಪ್ಪಿನಕಾಯಿಯೂ ಉಂಟು."

"ಹಾಗಾದರೆ ಕೊಡಿ," ಎಂದು ಎದ್ದು ಕುಳಿತರು. ಮಾಸ್ತ್ರು ಏನೋ ದೊಡ್ಡ ಮಾತು ಹೇಳಲು ಬಾಯಿ ತೆರೆದರು. ನರ್ಸಕ್ಕ ಕಣ್ಣಲ್ಲೇ ಬೆದರಿಸಿ ಸುಮ್ಮನಿರಿಸಿದರು. ಮರುದಿನದಿಂದ ಭಟ್ರ ಸ್ಟೋವನ್ನೂ ಹಾಲಿಗೆ ತಂದು ಇಟ್ಟೆವು. ಎರಡು ಒಲೆಯಾದರೆ ಅನ್ನ ಬೇಗ ಆಗುತ್ತದಲ್ಲ.

ಸೆಪ್ಟೆಂಬರಿನಲ್ಲಿ ಜನ ಬಸ್ಸುಗಳಲ್ಲಿ ಹೊರಡತೊಡಗಿದರು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿ, ಅಲ್ಲಿಂದ ವಿಮಾನ. ನಮ್ಮ ಬೀದಿಯಲ್ಲಿ ಬಸ್ಸು ಗೊತ್ತು ಮಾಡುತ್ತಿದ್ದವರು ಕುಟುಂಬಗಳಿಗೆ ಮೊದಲು, ಬ್ಯಾಚುಲರ್‌ಗಳಿಗೆ ಆಮೇಲೆ ಎಂದಿದ್ದರು. ಒಬ್ಬಂಟಿ ಹುಡುಗಿಯರನ್ನು ಹತ್ತಿಸಿಕೊಳ್ಳಲು ಅವರಿಗೆ ಹೆದರಿಕೆ, ಯಾರಾದರೂ ಜವಾಬ್ದಾರಿ ಹೊರಬೇಕು. ನರ್ಸಕ್ಕ ಕ್ಲಿನಿಕ್ ಬಿಟ್ಟು ಬರಲು ಸಿದ್ಧವಿರಲಿಲ್ಲ. ಆಗ ನನಗೂ ಅವಳಿಗೂ ಉಪಾಯ ಹೇಳಿದವರು ಮಾಸ್ತ್ರು.

"ನೀವಿಬ್ಬರು ಗಂಡ ಹೆಂಡತಿ ಅಂತ ಹೇಳಿ ಬಸ್ಸು ಹತ್ತಿ. ಬೊಂಬಾಯಿ ಮುಟ್ಟಿದ ಮೇಲೆ ಅವರವರ ದಾರಿ. ಯಾರು ಕೇಳ್ತಾರೆ?"

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಸುಳ್ಳು ಹೇಳಿ ನಾನು ಹತ್ತುದಿಲ್ಲ ಸರ್."

"ಪ್ರಾಣದ ಪ್ರಶ್ನೆ ಅಮ್ಮ ಇದು."

"ಸುಳ್ಳಾದರೆ ಹತ್ತುದಿಲ್ಲ ಅಂತ ಹೇಳಿದ್ದು."

ಹಾಲಿನಲ್ಲಿದ್ದವರಲ್ಲಿ ಆ ಮಾತಿನ ಅರ್ಥ ಮೊದಲು ಆದದ್ದು ನರ್ಸಕ್ಕನಿಗೆ. ಅವರು ನನ್ನ ಬೆನ್ನಿಗೆ ಗುದ್ದಿದ ಗುದ್ದು ನನಗೆ ಎರಡು ದಿನ ನೋಯುತ್ತಿತ್ತು. ನಾನು ಅವಳ ಎದುರು ಹೋಗಿ ಕುಳಿತೆ. ನಾಟಕದಲ್ಲಿ ಆ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೆ, ಕೇಳುವುದು ಹೇಗೆಂದು ತಿಳಿಯಲಿಲ್ಲ.

"ನಾನು ಆಗಬಹುದಾ?"

ಅವಳು ಗೆರಸೆ ಕೆಳಗಿಟ್ಟಳು. "ನಿಮ್ಮ ಸಂಬಳ ನಿಂತಿದೆ. ಮೀಸೆ ಇನ್ನೂ ಸರಿ ಬಂದಿಲ್ಲ," ಎಂದಳು. ಕೈ ಒರೆಸಿಕೊಂಡು ಹೇಳಿದಳು: "ಆಗಬಹುದು. ಆದರೆ ಹೆದರಿಕೆಗೆ ಆಗುವ ಮದುವೆ ಅಂತ ನಾಳೆ ನೀವು ಹೇಳಬಾರದು. ನಾನು ಬಸ್ ಸ್ಟಾಪಿನಲ್ಲೇ ಹೇಳುವವಳಿದ್ದೆ. ಅಷ್ಟರಲ್ಲಿ ಆ ಹಾಳು ಬಸ್ಸು ಬಂತು."

ಈಗ ಉಳಿದದ್ದು ಭಟ್ರು. ಎಲ್ಲರೂ ಅವರ ಕಡೆ ತಿರುಗಿದೆವು. ಅವರು ಬೈರಾಸಿನಿಂದ ಮುಖ ಒರೆಸಿ ಗೋಡೆ ನೋಡಿದರು.

"ಶಾಸ್ತ್ರದಲ್ಲಿ ಇದಕ್ಕೆ ಎಂತ ಹೇಳಿದ್ದಾರೆ ಅಂತ ಊರಿನಲ್ಲಿ ದೊಡ್ಡವರನ್ನು ಕೇಳ್ಬೇಕು. ನನಗೆ ಅಷ್ಟು ಗೊತ್ತಿಲ್ಲ."

"ಫೋನ್ ಇಲ್ಲ ಭಟ್ರೇ," ಎಂದರು ನರ್ಸಕ್ಕ.

"ಅದೇ ನಾನೂ ಯೋಚನೆ ಮಾಡ್ತಾ ಇದ್ದದ್ದು." ಭಟ್ರು ಬೈರಾಸನ್ನು ಹೆಗಲಿಗೆ ಹಾಕಿಕೊಂಡರು. "ಫೋನ್ ಸರಿಯಾಗುವ ತನಕ ನಾನೇ ದೊಡ್ಡವ. ನಾಳೆ ಬೆಳಿಗ್ಗೆ ಮಾಡುವ. ಆದರೆ ವಿಧವೆಗೆ ಬೇರೆ ಮಂತ್ರ ಅಂತ ನನಗೆ ಬರುದಿಲ್ಲ. ಎಲ್ಲರ ಮದುವೆಗೆ ಹೇಳುದನ್ನೇ ಹೇಳ್ತೇನೆ."

ಮರುದಿನ ಬೆಳಿಗ್ಗೆ ಮಾಸ್ತ್ರ ಹಾಲಿನಲ್ಲಿ ನಮ್ಮ ಮದುವೆ. ಹೂವಿಲ್ಲದ್ದರಿಂದ ನರ್ಸಕ್ಕ ಬಣ್ಣದ ಬಟ್ಟೆ ಕತ್ತರಿಸಿ ಹಾರ ಹೊಲಿದರು. ತಾಳಿಗೆ ಅರಸಿನ ಹಚ್ಚಿದ ದಾರ, ಅದಕ್ಕೆ ಅರಸಿನದ ಕೊಂಬು. ಮಸಾಲೆ ಡಬ್ಬಿಯ ಆ ಕೊಂಬನ್ನು ಸಾರಿಗೆ ಹಾಕದೆ ಉಳಿಸಿದ್ದು ಭಟ್ರು. ಹೊಗೆ ಕಂಡು ಸೈನಿಕರು ಬರಬಾರದೆಂದು ಹೋಮವನ್ನು ಒಂದು ಸಣ್ಣ ತಟ್ಟೆಯಲ್ಲಿ, ಕಿಟಕಿ ಮುಚ್ಚಿ, ಮಾಡಿದರು. ಎಲ್ಲರಿಗೂ ಕೆಮ್ಮು. ಅವಳ ಅಣ್ಣನ ಜಾಗದಲ್ಲಿ ಧಾರೆಗೆ ನಿಂತವರು ಕಲೆಕ್ಟರ್ ದೊರೆ ಮತ್ತು ನರ್ಸಕ್ಕ, ಶಿಲುಬೆಯ ಸರ ಹಾಕಿಕೊಂಡೇ. ನೀರು ಎರೆಯುವಾಗ ಮಂತ್ರದ ನಡುವೆ ಭಟ್ರು ಒಮ್ಮೆ ನಿಲ್ಲಿಸಿ ಬೈರಾಸಿನಿಂದ ಕಣ್ಣು ಒರೆಸಿಕೊಂಡರು. ಹೊಗೆ ಎಂದರು.

ಊಟಕ್ಕೆ ಅನ್ನ, ತೊವ್ವೆ, ಡಬ್ಬಿಯ ಬಟಾಣಿಯ ಪಲ್ಯ, ಸಕ್ಕರೆ ಬೆರೆಸಿದ ಖುಬ್ಬೂಸಿನ ಪಾಯಸದಂಥದ್ದೊಂದು. ನೆಲದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತೆವು, ಅಂಗಡಿಯ ಮಲಯಾಳಿ ಭಾಯಿಯೂ. ಮಾಸ್ತ್ರು ಮಾತ್ರ ಅನ್ನ ಮುಟ್ಟದೆ ಕುಳಿತಿದ್ದರು.

"ಎಂತ ಮಾಸ್ತ್ರೇ, ಹಸಿವಿಲ್ವಾ?" ಕೇಳಿದೆ.

"ನನ್ನ ಅಜ್ಜ," ಎಂದರು. "ಆ ಊಟಕ್ಕೆ ಹೋಗಿದ್ದರು ಅಂತ ಹೇಳ್ತಿದ್ದೆನಲ್ಲ. ಹೋಗಿದ್ದು ನಿಜ. ಎಲೆ ಮುಂದೆ ಕೂತದ್ದೂ ನಿಜ. ಪಕ್ಕದಲ್ಲಿ ಯಾರು ಕೂತದ್ದು ಅಂತ ನೋಡಿ, ಕೈ ತೊಳೆದು ಬರ್ತೇನೆ ಅಂತ ಎದ್ದು ಹಿತ್ತಿಲ ಬಾಗಿಲಿನಿಂದ ಮನೆಗೆ ಬಂದರು. ಅಜ್ಜಿ ಹೇಳಿದ್ದು ನನಗೆ. ಆವತ್ತು ನೀನು ಇವಳ ವಿಷಯ ಕೇಳಲು ಬಂದಾಗ ನಾನೂ ಅದನ್ನೇ ಮಾಡಿದೆ."

ಪಕ್ಕದಲ್ಲಿದ್ದ ನನ್ನ ಹೆಂಡತಿ, ಹಾಗೆ ಕರೆಯಲು ಆಗ ಸಿಕ್ಕಿದ್ದು ಒಂದು ಗಂಟೆಯ ಅಭ್ಯಾಸ, ಸೌಟು ತೆಗೆದುಕೊಂಡು ಅವರ ಅನ್ನಕ್ಕೆ ಇನ್ನೊಂದು ಸಲ ತೊವ್ವೆ ಬಡಿಸಿದಳು. "ಉಣ್ಣಿ ಸರ್, ತಣಿದರೆ ಇದು ಒಳ್ಳೆದಿರುದಿಲ್ಲ." ಮಾಸ್ತ್ರು ಉಂಡರು. ಎರಡು ಸಲ ಹಾಕಿಸಿಕೊಂಡರು.

ಬಸ್ಸಿನ ಪ್ರಯಾಣದ ಬಗ್ಗೆ ಬೇರೆಯವರು ಬಹಳ ಹೇಳಿದ್ದಾರೆ. ನನಗೆ ನೆನಪಿರುವುದು ಧೂಳು, ತಪಾಸಣೆಯ ಚೌಕಿಗಳು, ಗಡಿಯ ಶಿಬಿರದ ಡೇರೆಗಳು, ಮತ್ತು ನೀರಿನ ಸಾಲಿನಲ್ಲಿ ನಿಂತು ಹೊಸ ಹೆಂಡತಿಯ ಬಗ್ಗೆ ಒಂದೊಂದೇ ಸಂಗತಿ ತಿಳಿದುಕೊಂಡದ್ದು. ಅವಳಿಗೆ ಸೆಖೆಯಲ್ಲಿ ಸಿಟ್ಟು ಬರುತ್ತದೆ. ಹಾಡಲು ಬರುವುದಿಲ್ಲ, ಆದರೂ ಹಾಡುತ್ತಾಳೆ. ಡೇರೆಯಲ್ಲಿ ಪಕ್ಕದ ಪಂಜಾಬಿ ಅಜ್ಜಿಯೊಬ್ಬರು ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಕೇಳಿದಾಗ ಅವಳು ಹಿಂದಿಯಲ್ಲಿ, "ಈ ಮಂಗಳವಾರಕ್ಕೆ ಒಂದು ವಾರ," ಎಂದಳು. ಅಜ್ಜಿ ಗಂಟಿನಿಂದ ಒಣದ್ರಾಕ್ಷಿ ತೆಗೆದು ನಮ್ಮಿಬ್ಬರ ಬಾಯಿಗೂ ಹಾಕಿ ಅಕ್ಕಪಕ್ಕದ ಡೇರೆಗಳಿಗೆಲ್ಲ ಸಾರಿಬಿಟ್ಟರು.

ಬೊಂಬಾಯಿ ತಲುಪಿ ಊರಿನ ಅಂಗಡಿಗೆ ಫೋನ್ ಮಾಡಿ ಅಮ್ಮನನ್ನು ಕರೆಸಿದೆ. ನಾನು ಬದುಕಿದ್ದೇನೆಂದು ತಿಳಿದು ಅಮ್ಮ ಅತ್ತಳು. ಅಳು ಮುಗಿಯಲೆಂದು ಕಾದು, ಮದುವೆಯಾದದ್ದನ್ನು ಹೇಳಿದೆ. ವಿಧವೆ ಎಂದೂ ಹೇಳಿದೆ, ಕೊಂಕಣಿಯವಳು ಎಂದೂ ಹೇಳಿದೆ. ಲೈನ್ ಕಟ್ಟಾಯಿತೇ ಎಂದುಕೊಂಡೆ.

"ಮೀನು ತಿನ್ನುತ್ತಾಳಾ?" ಕೇಳಿದಳು ಅಮ್ಮ.

"ತಿನ್ನುತ್ತಾಳೆ."

"ಹಾಗಾದರೆ ಕರೆದುಕೊಂಡು ಬಾ," ಎಂದು ಫೋನಿಟ್ಟಳು.

ಅವಳ ಮನೆಯದು ಇಷ್ಟು ಸುಲಭವಿರಲಿಲ್ಲ. ತಾಯಿ ನಿಜವಾಗಿ ಎರಡು ಹೊತ್ತು ಊಟ ಬಿಟ್ಟರು, ಮೂರನೆಯ ಹೊತ್ತಿಗೆ ಕುಳಿತರು, ಆದರೆ ಮಾತಾಡಲಿಲ್ಲ. ಅಣ್ಣ ನಮ್ಮ ಮನೆಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಅಂಗಳದಲ್ಲಿ ಚಪ್ಪಲಿ ಬಿಚ್ಚದೆ ನಿಂತು ತಂಗಿಯನ್ನು ಕೇಳಿದರು: "ನನಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ನೀನು ಆ ಮಾತು ತೆಗೆಯಲಿಕ್ಕೇ ಬಿಡ್ತಿರಲಿಲ್ಲ ಅಣ್ಣ."

ಅವರು ಸುಮಾರು ಹೊತ್ತು ತೆಂಗಿನ ಮರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ರಿಗ್ಗೈಯ ಮನೆಯಲ್ಲಿ ಇವಳನ್ನು ಒಬ್ಬಳನ್ನೇ ಬಿಟ್ಟು ಬಂದೆ ಅಂತ ಒಂದೂವರೆ ತಿಂಗಳು ನಿದ್ದೆ ಇಲ್ಲ ನನಗೆ," ಎಂದರು. ಸಿಟ್ಟಿನ ಮಾತಿಗೆಂದು ಬಂದವರು ಚಪ್ಪಲಿ ಬಿಚ್ಚಿದರು. ಅಮ್ಮ ಒಳಗಿನಿಂದ ನೀರು ಬೆಲ್ಲ ತಂದಳು.

ತೊಂಬತ್ತೊಂದರಲ್ಲಿ ಯುದ್ಧ ಮುಗಿದ ಮೇಲೆ ನನ್ನ ಕಂಪೆನಿ ಪುನಃ ಕರೆಯಿತು. ಮೊದಲು ನಾನು ಹೋಗಿ ಫಿಂಟಾಸಿನಲ್ಲಿ ಸಮುದ್ರದ ಹತ್ತಿರ ಎರಡು ಕೋಣೆಯ ಮನೆ ಹಿಡಿದೆ. ಶರತ್ಕಾಲದಲ್ಲಿ ಅವಳು ಬಂದಳು. ಇರಾಕಿನ ಸೈನಿಕರು ಓಡುವಾಗ ಬೆಂಕಿ ಹಚ್ಚಿದ್ದ ಎಣ್ಣೆ ಬಾವಿಗಳು ಇನ್ನೂ ಕೆಲವು ಉರಿಯುತ್ತಿದ್ದವು. ವಿಮಾನ ನಿಲ್ದಾಣದಿಂದ ಹೊರಟಾಗ ಮಧ್ಯಾಹ್ನ, ಆದರೆ ಟ್ಯಾಕ್ಸಿಯವನು ಹೆಡ್‌ಲೈಟ್ ಹಾಕಿಕೊಂಡಿದ್ದ. ಸೂರ್ಯ ತಾಮ್ರದ ಬಿಲ್ಲೆಯಂತೆ ಹೊಗೆಯ ಹಿಂದೆ ತೇಲುತ್ತಿದ್ದ. ಅವಳು ಕಿಟಕಿಯ ಗಾಜು ಇಳಿಸಿದಳು, ಒಮ್ಮೆ ಉಸಿರೆಳೆದು ಕೆಮ್ಮಿ ಪುನಃ ಏರಿಸಿದಳು.

ಮನೆ ತೋರಿಸಿದೆ. ಗೋಡೆಯ ಮೇಲೆ ಬೆರಳು ಎಳೆದು ಮಸಿ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಕೆಟ್ ಉಂಟಾ? ಮೊದಲು ಪರದೆ ಎಲ್ಲ ಇಳಿಸಿ. ನಾನು ಗೋಡೆ ಒರೆಸ್ತೇನೆ, ನೀವು ನೀರು ತನ್ನಿ," ಎಂದಳು. ನಾನು ನೀರು ತರಲು ಹೋದೆ.